ಮಣ್ಣು, ಸುಣ್ಣ, ಮರದಲ್ಲಿ ಮನೆ ಕಟ್ಟಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?

ಬೆಳಕಿಂಡಿ:
ಎಲ್ಲರಿಗೂ ನಮಸ್ಕಾರ. ಸಣ್ಣ ಮನೆಯೊಂದನ್ನು ಕಟ್ಟುವ ಯೋಚನೆ ಇದೆ. ನೆಲ ಅಂತಸ್ತು ಸಾಕು, ಮೇಲೊಂದು ಕೋಣೆ ಬಂದರೂ ಬರಬಹುದು. ಮಣ್ಣಿನ ಗೋಡೆ, ಸುಣ್ಣದ ಗಾರೆ, ಮರ, ಬಿದಿರು, ಕಲ್ಲು ಇವುಗಳ ಮನೆ ಅಂದರೆ ನನಗೆ ತುಂಬಾ ಇಷ್ಟ. ಫೋಟೋ ಕೂಡಿಟ್ಟು ಕೂಡಿಟ್ಟು ಫೋನ್ ತುಂಬಿದೆ. ಆದರೆ ಫೋಟೋದಲ್ಲಿ ಎಲ್ಲವೂ ಚೆಂದವೇ. ನಾಲ್ಕು ಮಳೆಗಾಲ ಕಳೆದ ಮೇಲೆ ಅದೇ ಗೋಡೆ ಹೇಗಿದೆ ಅಂತ ಯಾರೂ ತೋರಿಸುವುದಿಲ್ಲ ಅಲ್ವಾ?

ಮನೆಯಲ್ಲಿ ಬೇರೆ ಮಾತು ನಡೆದಿದೆ. ಕಾಂಕ್ರೀಟ್ ಕಂಬ ಎಬ್ಬಿಸಿ ಮಾಮೂಲಿ ಥರ ಕಟ್ಟೋಣ, ಆಮೇಲೆ ಮಣ್ಣಿನ ಬಣ್ಣದ ಪೇಂಟ್, ಮರದ ಥರ ಕಾಣುವ ಟೈಲ್ಸ್ ಹಾಕಿದರೆ ಆಯ್ತು, ನೋಟ ಅದೇ ಬರುತ್ತೆ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಒಪ್ಪುತ್ತಿಲ್ಲ ಅಂತ ಸರಿಯಾಗಿ ವಾದ ಮಾಡುವುದಕ್ಕೂ ಬರುತ್ತಿಲ್ಲ. ತಿಳಿದವರು ಹೇಳಿ. ಹೊಗಳಿಕೆ ಬೇಡ, ಕಷ್ಟಗಳನ್ನೂ ಹೇಳಿ.

ಸುಣ್ಣದ ನೀರು:
ಬೆಳಕಿಂಡಿ ಅವರೇ, ಮಣ್ಣಿನ ಬಣ್ಣ ಬೇರೆ, ಮಣ್ಣಿನ ಗೋಡೆ ಬೇರೆ. ಮಣ್ಣಿನ ಗೋಡೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಗಾಳಿ ಒಣಗಿದಾಗ ವಾಪಸ್ ಬಿಡುತ್ತದೆ. ಬಚ್ಚಲಿನ ಹಬೆ, ಅಡುಗೆಮನೆಯ ಆವಿ ಎಲ್ಲ ಸ್ವಲ್ಪ ಹೊತ್ತು ಗೋಡೆಯೊಳಗೆ ಹೋಗಿ ಕೂರುತ್ತದೆ. ಅಂಥ ಕೋಣೆಯಲ್ಲಿ ಕೂತಾಗ ಅನ್ನಿಸುವ ಹಿತಕ್ಕೆ ಇದೂ ಒಂದು ಕಾರಣ. ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆ ಎಷ್ಟೇ ಮಣ್ಣಿನ ಬಣ್ಣದ್ದಾದರೂ ಈ ಕೆಲಸ ಮಾಡಲ್ಲ. ನಿಮ್ಮ ವಾದಕ್ಕೆ ಇದು ಸಾಕು ಅನ್ನಿಸುತ್ತೆ.

ಆದರೆ ಇದೇ ಗುಣ ತೊಂದರೆಗೂ ಕಾರಣ ಆಗುತ್ತದೆ. ಉಸಿರಾಡುವ ಗೋಡೆಗೆ ಉಸಿರು ಕಟ್ಟುವ ಗಾರೆ ಹಾಕಿದರೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಮಣ್ಣಿನ ಮನೆ ಬಾಳಲ್ಲ ಅನ್ನುವವರನ್ನು ಕೂರಿಸಿ ಕೇಳಿ ನೋಡಿ, ಹೆಚ್ಚಿನ ಕಡೆ ಕತೆ ಇದೇ ಇರುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಾಂಚೋಸ್ ಡಿ ಟಾವೋಸ್ ಅಂತ ಊರಿದೆ. ಅಲ್ಲಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಸುಮಾರು 200 ವರ್ಷ ಹಳೆಯ ಚರ್ಚ್ ಇದೆ. ಊರವರೇ ಸೇರಿ ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ಈ ರಗಳೆಯೇ ಬೇಡ ಅಂತ 1967ರಲ್ಲಿ ಹೊರಗೆ ಗಟ್ಟಿ ಸಿಮೆಂಟ್ ಗಾರೆ ಹಾಕಿಸಿದರು. ಸಿಮೆಂಟ್ ಸಣ್ಣಗೆ ಬಿರುಕು ಬಿಟ್ಟಿತು. ಆ ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯೇ ಇರಲಿಲ್ಲ. ಒಳಗಿನ ಇಟ್ಟಿಗೆ ಮೆತ್ತಗಾಗತೊಡಗಿತು. ಕೊನೆಗೆ 1970ರ ದಶಕ ಮುಗಿಯುವ ಹೊತ್ತಿಗೆ ಸಿಮೆಂಟ್ ಎಲ್ಲಾ ಕಿತ್ತು ಮತ್ತೆ ಮಣ್ಣನ್ನೇ ಮೆತ್ತಿದರು. ಈಗಲೂ ವರ್ಷಕ್ಕೊಮ್ಮೆ ಊರವರು ಆ ಕೆಲಸಕ್ಕೆ ಸೇರುತ್ತಾರೆ.

ಹಾಗಾಗಿ ನನ್ನ ಸಲಹೆ ಒಂದೇ. ಗೋಡೆ ಯಾವುದು ಅಂತ ಮೊದಲು ನಿಶ್ಚಯ ಮಾಡಿ. ಗಾರೆ, ಬಣ್ಣ, ಪಾಲಿಶ್ ಎಲ್ಲ ಆ ಗೋಡೆಗೆ ಹೊಂದುವಂಥದ್ದೇ ಇರಲಿ. ಫೋಟೋ ನೋಡಿ ಬಣ್ಣದಿಂದ ಶುರು ಮಾಡಿದರೆ ಎಲ್ಲಾ ತಲೆಕೆಳಗಾಗುತ್ತದೆ.

ಬೀಮು ಕಾಲಂ:
ನಾನು ಸ್ಟ್ರಕ್ಚರಲ್ ಎಂಜಿನಿಯರ್. ಚೆಂದದ ವಿಷಯ ಬೇರೆಯವರು ಮಾತಾಡಲಿ, ನಾನು ಬೀಳುವ ವಿಷಯ ಹೇಳ್ತೀನಿ. 2003ರ ಡಿಸೆಂಬರ್‌ನಲ್ಲಿ ಇರಾನಿನ ಬಾಮ್ ನಗರದಲ್ಲಿ ಭೂಕಂಪ ಆಯಿತು. ಹಸಿ ಇಟ್ಟಿಗೆಯ ಮನೆಗಳೇ ಜಾಸ್ತಿ ಇದ್ದ ಊರು. 25 ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಗೋಡೆ ಭಾರ ಹೊರುತ್ತದೆ, ಆದರೆ ಎಳೆತ ತಡೆಯುವ ಶಕ್ತಿ ಅದಕ್ಕೆ ಇಲ್ಲವೇ ಇಲ್ಲ ಅನ್ನಬಹುದು. ಅಲುಗಾಡಿದರೆ ಮೂಲೆಯಲ್ಲಿ ಬಿಡುತ್ತದೆ, ಆಮೇಲೆ ಭಾರದ ಮಾಡು ಮೇಲೆ ಬೀಳುತ್ತದೆ.

ಇದಕ್ಕೆ ಹೆದರಿ ಓಡಬೇಕಾಗಿಲ್ಲ. ನ್ಯೂಜಿಲೆಂಡ್ ಭೂಕಂಪದ ದೇಶ. ಅಲ್ಲಿ 1998ರಿಂದಲೇ ಮಣ್ಣಿನ ಕಟ್ಟಡಕ್ಕೆ ಅಂತಲೇ ಮಾನದಂಡಗಳಿವೆ. ಕಟ್ಟುವ ರೀತಿ ಸರಿ ಇರಬೇಕು, ಅಷ್ಟೇ. ಗೋಡೆಯ ಎತ್ತರ ಅದರ ದಪ್ಪದ 8 ಪಟ್ಟು ಮೀರದೆ ಇರಲಿ. ಕಿಟಕಿ, ಬಾಗಿಲು ಮೂಲೆಯಿಂದ ದೂರ ಇರಲಿ, ತುಂಬಾ ಅಗಲ ಬೇಡ. ಲಿಂಟಲ್ (ಕಿಟಕಿ, ಬಾಗಿಲ ಮೇಲಿನ ಅಡ್ಡ ತೊಲೆ) ಮಟ್ಟದಲ್ಲಿ ಮತ್ತು ಮಾಡು ಕೂರುವ ಕಡೆ ಇಡೀ ಮನೆ ಸುತ್ತ ಒಂದು ಪಟ್ಟಿ ಬರಬೇಕು, ಮರದ್ದಾದರೂ ಸರಿ, ಕಾಂಕ್ರೀಟಿನದಾದರೂ ಸರಿ, ಎಲ್ಲೂ ತುಂಡಾಗಬಾರದು. ಮಾಡು ಹಗುರ ಇರಲಿ. ಇಷ್ಟನ್ನು ಬಿಟ್ಟು ಫೋಟೋದಲ್ಲಿ ನೋಡಿದ ಹಾಗೆ ಮೂಲೆಗೆ ಮೂಲೆ ಗಾಜು ಕೇಳಿದರೆ ನಾನಂತೂ ಸಹಿ ಹಾಕಲ್ಲ.

ಇನ್ನೊಂದು ದಾರಿಯೂ ಇದೆ. ಮರದ ಚೌಕಟ್ಟು ಮಾಡಿ ನಡುವೆ ಕಲ್ಲು, ಮಣ್ಣು ತುಂಬುವುದು. ಕಾಶ್ಮೀರದ ಧಜ್ಜಿ ದೀವಾರಿ ಇದೇ ಥರದ್ದು. 2005ರ ಭೂಕಂಪದಲ್ಲಿ ಅಂಥ ಮನೆಗಳು ಬಿರುಕು ಬಿಟ್ಟರೂ ಎಷ್ಟೋ ಕಡೆ ನಿಂತೇ ಇದ್ದವು. ಸಣ್ಣ ಸಣ್ಣ ಚೌಕದಲ್ಲಿ ಉಜ್ಜಾಟ ನಡೆದು ಭೂಕಂಪದ ಹೊಡೆತ ಅಲ್ಲೇ ಕರಗಿಹೋಗುತ್ತದೆ.

ಹಸಿ ಇಟ್ಟಿಗೆ:
ಬೀಮು ಕಾಲಂ ಸರ್ ಹೇಳಿದ್ದು ಸರಿ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ. ನಿಮ್ಮ ಜಾಗದ ಮಣ್ಣು ನೋಡಿ ಅಕ್ಕ (ಅಕ್ಕನೋ ಅಣ್ಣನೋ ಗೊತ್ತಾಗಲಿಲ್ಲ, ಬೇಜಾರು ಮಾಡ್ಕೋಬೇಡಿ). ಮೇಲಿನ ಕಪ್ಪು ಪದರ ಬೇಡವೇ ಬೇಡ, ಅದರಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ, ಅದು ಗಿಡಕ್ಕೆ ಇರಲಿ, ಪಕ್ಕಕ್ಕೆ ರಾಶಿ ಹಾಕಿಸಿ. ಅದರ ಕೆಳಗಿನ ಮಣ್ಣು ತೆಗೆದುಕೊಳ್ಳಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಅಲುಗಾಡಿಸದೆ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ನಯವಾದ ಹೂಳು ಕೂರುತ್ತದೆ. ಜೇಡಿ ಕೂರುವುದಕ್ಕೆ ಒಂದು ದಿನವೋ ಅದಕ್ಕೂ ಜಾಸ್ತಿಯೋ ಬೇಕು. ಮೂರು ಪದರ ಕಣ್ಣಿಗೇ ಕಾಣುತ್ತದೆ. ಗೋಡೆಗೆ ಅಂದಾಜು 15ರಿಂದ 30% ಜೇಡಿ, ಉಳಿದದ್ದರಲ್ಲಿ ಮರಳು ಮತ್ತು ಸಣ್ಣ ಕಲ್ಲು ಜಾಸ್ತಿ ಇದ್ದರೆ ಒಳ್ಳೆಯದು. ಜೇಡಿ ಕಮ್ಮಿ ಆದರೆ ಗೋಡೆ ಉದುರುತ್ತದೆ, ಜಾಸ್ತಿ ಆದರೆ ಬಿರಿಯುತ್ತದೆ. ಮರಳು ಸೇರಿಸಿ ಸರಿ ಮಾಡಬಹುದು. ಆದರೆ ಎರೆಮಣ್ಣಿನ ಥರ ನೀರು ಕುಡಿದು ಉಬ್ಬುವ ಮಣ್ಣು ಇದ್ದರೆ ಗೋಡೆಗೆ ಬಳಸಬೇಡಿ. ಅಂಥ ನೆಲದಲ್ಲಿ ಪಾಯಕ್ಕೂ ಬೇರೆ ಲೆಕ್ಕ ಬೇಕು.

ಬಾಟಲಿ ಪರೀಕ್ಷೆ ಬರೀ ಮೊದಲ ಅಂದಾಜಿಗೆ. ಆಮೇಲೆ ಲ್ಯಾಬಿಗೆ ಕಳಿಸಿ. ಲ್ಯಾಬ್ ವರದಿ ಬಂದ ಮೇಲೂ ನಾಲ್ಕಾರು ಬೇರೆ ಬೇರೆ ಮಿಶ್ರಣದಲ್ಲಿ ಇಟ್ಟಿಗೆ ಮಾಡಿ ಒಂದು ಮಳೆಗಾಲ ಬಯಲಲ್ಲಿ ಬಿಡಿ. ಯಾವ ವರದಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಬೆಳಕಿಂಡಿ:
ಅಕ್ಕನೇ :) ಬಾಟಲಿ ಇವತ್ತೇ ಇಡ್ತೀನಿ. ಒಂದು ಅನುಮಾನ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಸಿಗುತ್ತಲ್ಲ, ಹಾಗೇ ಸಿಮೆಂಟ್ ಹಾಕಿ ಹಲಗೆಗಳ ನಡುವೆ ಬಡಿದು ಕಟ್ಟುವ ಗೋಡೆಯೂ ಇದೆಯಲ್ಲ, ಇವು ನೈಸರ್ಗಿಕ ಅನ್ನಿಸಿಕೊಳ್ಳುತ್ತವಾ? ಆರ್ಕಿಟೆಕ್ಟ್ ಒಬ್ಬರು ಅದನ್ನೇ ಹೇಳಿದರು.

ಬೀಮು ಕಾಲಂ:
ನಾನೂ ಅದನ್ನೇ ಹೇಳುವುದು. 5ರಿಂದ 8% ಸಿಮೆಂಟ್ ಹಾಕಿದರೆ ಮಳೆಗೆ ಕರಗಲ್ಲ, ಬಲ ಎಷ್ಟು ಅಂತ ಲೆಕ್ಕಕ್ಕೆ ಸಿಗುತ್ತದೆ, ಬ್ಯಾಂಕಿನವರೂ ಪರವಾನಗಿ ಕೊಡುವವರೂ ಪ್ರಶ್ನೆ ಕೇಳಲ್ಲ. ಸುಡುವುದಿಲ್ಲವಾದ್ದರಿಂದ ಸುಟ್ಟ ಇಟ್ಟಿಗೆಗೆ ಬೇಕಾಗುವ ಸೌದೆ, ಕಲ್ಲಿದ್ದಲು ಉಳಿಯುತ್ತದೆ.

ಹಸಿ ಇಟ್ಟಿಗೆ:
ಸರ್, ಒತ್ತಿದ ಇಟ್ಟಿಗೆಗೆ 5% ಅಂದರೆ ಒಪ್ಪುತ್ತೇನೆ. ಬಡಿದ ಗೋಡೆಯ ಲೆಕ್ಕ ಒಮ್ಮೆ ನೋಡಿ. 30 ಸೆಂಟಿಮೀಟರ್ ದಪ್ಪದ ಗೋಡೆ, ಒಂದು ಚದರ ಮೀಟರ್. ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 2,000 ಕೆ.ಜಿ. ಅಂದರೆ ಆ ತುಂಡು 600 ಕೆ.ಜಿ. ಅದರಲ್ಲಿ 8% ಅಂದರೆ 48 ಕೆ.ಜಿ. ಸಿಮೆಂಟ್. ಹೆಚ್ಚುಕಮ್ಮಿ ಒಂದು ಚೀಲ! ಅಷ್ಟು ಸಿಮೆಂಟಿನಲ್ಲಿ ಅಷ್ಟೇ ಅಗಲದ 15 ಸೆಂಟಿಮೀಟರ್ ಕಾಂಕ್ರೀಟ್ ಗೋಡೆಯನ್ನೇ ಎಬ್ಬಿಸಬಹುದು. ಹಾಗಿದ್ದರೆ ಅದನ್ನು ಮಣ್ಣಿನ ಗೋಡೆ ಅಂತ ಯಾಕೆ ಕರೆಯಬೇಕು? ಸಿಮೆಂಟ್ ತಯಾರಾಗುವುದು ಸುಮಾರು 1,450 ಡಿಗ್ರಿ ಶಾಖದಲ್ಲಿ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8% ಸಿಮೆಂಟ್ ಒಂದರಿಂದಲೇ ಬರುತ್ತದೆ. ಇನ್ನೊಂದು ವಿಷಯ, ಸಿಮೆಂಟ್ ಬೆರೆಸದ ಮಣ್ಣಿನ ಗೋಡೆಯನ್ನು ನಾಳೆ ಕೆಡವಿದರೆ ನೀರು ಹಾಕಿ ಕಲಸಿ ಮತ್ತೆ ಗೋಡೆ ಮಾಡಬಹುದು. ಬೆರೆಸಿದ್ದನ್ನು ಆಗಲ್ಲ. ಅದು ಬರೀ ಕಸ.

ಸಿಮೆಂಟ್ ಇಲ್ಲದೆ ಮಳೆ ತಡೆಯಲು ಆಗಲ್ಲ ಅನ್ನುವವರು ಮಣ್ಣಿನ ಕಟ್ಟಡ ಕಟ್ಟುವ ಆಸ್ಟ್ರಿಯಾದ ಮಾರ್ಟಿನ್ ರೌಖ್ ಅವರ ಕೆಲಸ ನೋಡಬೇಕು. ಅವರು ಸಿಮೆಂಟ್ ಹಾಕದೆ ಬಡಿದ ಮಣ್ಣಿನಲ್ಲೇ ತಮ್ಮ ಮನೆ ಕಟ್ಟಿಕೊಂಡಿದ್ದಾರೆ, ಅದೂ ಮಳೆ, ಹಿಮ ಎರಡೂ ಇರುವ ಜಾಗದಲ್ಲಿ. ಗೋಡೆಯ ಹೊರಮೈಯಲ್ಲಿ ಸ್ವಲ್ಪ ಸ್ವಲ್ಪ ಅಂತರಕ್ಕೆ ಸುಟ್ಟ ಮಣ್ಣಿನ ಬಿಲ್ಲೆಗಳ ಸಾಲು ತುಸು ಹೊರಗೆ ಚಾಚಿರುತ್ತದೆ. ಇಳಿದು ಬರುವ ನೀರಿನ ಓಟ ಅಲ್ಲಲ್ಲೇ ಕಮ್ಮಿ ಆಗುತ್ತದೆ. ಮೊದಮೊದಲು ಮೇಲಿನ ನಯ ಮಣ್ಣು ಸ್ವಲ್ಪ ತೊಳೆದುಹೋಗಿ ಒಳಗಿನ ಕಲ್ಲು ಕಾಣಿಸಿಕೊಳ್ಳುತ್ತದೆ, ಆಮೇಲೆ ಸವೆತ ನಿಧಾನ ಆಗುತ್ತದೆ. ಎಷ್ಟು ಸವೆಯುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ದಪ್ಪ ಜಾಸ್ತಿ ಕೊಟ್ಟಿರುತ್ತಾರೆ. ಆ ಅಡ್ಡ ಗೆರೆಗಳೇ ಗೋಡೆಗೆ ಚೆಂದ ಕೊಡುವುದು.

ಬೀಮು ಕಾಲಂ:
ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ರೌಖ್ ಅವರ ಕೈಕೆಳಗೆ ಪಳಗಿದ ಕೆಲಸಗಾರರು ಎಲ್ಲರಿಗೂ ಸಿಗಲ್ಲ. ಹೊಸ ಮೇಸ್ತ್ರಿ ಇದ್ದಾಗ ನಾನು ಸಿಮೆಂಟ್ ಹಾಕಿಸಿಯೇ ತೀರುತ್ತೇನೆ. ಅದು ಮಣ್ಣಿನ ಮೇಲಿನ ಅನುಮಾನ ಅಲ್ಲ, ಮಿಶ್ರಣ ಮಾಡುವ ಕೈ ಮೇಲಿನ ಅನುಮಾನ.

ಸುಣ್ಣದ ನೀರು:
ಇಬ್ಬರೂ ಗೋಡೆಯಲ್ಲೇ ಸಿಕ್ಕಿಹಾಕಿಕೊಂಡಿರಿ. ನೀರಿನಿಂದ ಮನೆ ಉಳಿಸುವುದು ಮುಖ್ಯವಾಗಿ ಸೂರು ಮತ್ತು ಪಾಯ. ಸೂರು ಮೂರು ಅಡಿಯಷ್ಟಾದರೂ ಮುಂದೆ ಬರಲಿ. ನೆಲದಿಂದ ಒಂದೂವರೆ ಎರಡು ಅಡಿವರೆಗೆ ಕಲ್ಲಿನ ಕಟ್ಟು ಇರಲಿ, ಯಾಕೆಂದರೆ ಮೇಲಿಂದ ಬರುವ ಮಳೆಗಿಂತ ನೆಲಕ್ಕೆ ಬಡಿದು ಸಿಡಿಯುವ ನೀರು ಗೋಡೆಯ ಬುಡವನ್ನು ಹೆಚ್ಚು ತಿನ್ನುತ್ತದೆ. ಕಲ್ಲಿನ ಕಟ್ಟಿನ ಮೇಲೆ ತೇವ ಏರದಂತೆ ಒಂದು ಪದರ ಹಾಕಿಸಿ. ಮನೆ ಸುತ್ತ ಜಲ್ಲಿ ಹಾಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ. ಇಷ್ಟು ಮಾಡಿದರೆ ಸಿಮೆಂಟ್ ಜಗಳವೇ ಅರ್ಧ ಮುಗಿಯುತ್ತದೆ.

ಕಿಟಕಿ ಪಕ್ಕ:
ಒಳಾಂಗಣದ ಕೆಲಸ ಮಾಡುವವಳು ನಾನು. ಗೋಡೆ ದಪ್ಪದ ಬಗ್ಗೆ ಇಷ್ಟು ಮಾತಾಡಿದಿರಿ, ಅದರ ಚೆಂದದ ಬಗ್ಗೆ ಯಾರೂ ಹೇಳಲಿಲ್ಲ. ದಪ್ಪ ಗೋಡೆಯಲ್ಲಿ ಕಿಟಕಿ ಇಟ್ಟಾಗ ಒಳಗೆ ಒಂದು ಆಳ ಬರುತ್ತದಲ್ಲ, ಅದರ ಪಕ್ಕಗಳನ್ನು ನೇರ ಬಿಡದೆ ಒಳಗಡೆಗೆ ಅಗಲ ಆಗುವಂತೆ ಓರೆ ಮಾಡಿಸಿ. ಬೆಳಕು ಆ ಓರೆ ಮೇಲೆ ಬಿದ್ದು ಕೋಣೆಗೆ ಹರಡುತ್ತದೆ, ಸಣ್ಣ ಕಿಟಕಿಯೂ ದೊಡ್ಡದರ ಕೆಲಸ ಮಾಡುತ್ತದೆ, ಕಣ್ಣಿಗೆ ಚುಚ್ಚುವುದೂ ಇಲ್ಲ. ಕೆಳಗೆ ಕೂರುವ ಹಾಗೆ ಒಂದು ಮರದ ಹಲಗೆ ಹಾಕಿ. ಇಡೀ ಮನೆಯಲ್ಲಿ ಎಲ್ಲರೂ ಹೋಗಿ ಕೂರುವುದು ಅಲ್ಲೇ. ಇದಕ್ಕೆ ಬೇರೆ ಅಲಂಕಾರವೇ ಬೇಡ.

ಮಣ್ಣಿನ ಗಾರೆ, ಸುಣ್ಣದ ಗಾರೆ ಎರಡಕ್ಕೂ ಹೊಳಪಿಲ್ಲ. ಅದಕ್ಕೇ ಬೆಳಕು ಅವುಗಳ ಮೇಲೆ ಮೆತ್ತಗೆ ಬೀಳುತ್ತದೆ. ಕೈಯಿಂದ ಎಳೆದ ಗಾರೆಯಲ್ಲಿ ಸಣ್ಣ ಏರಿಳಿತ ಇರುತ್ತದೆ, ಸಂಜೆ ಓರೆ ಬಿಸಿಲಿಗೆ ಅದು ಕಾಣುತ್ತದೆ. ಗ್ರಾಹಕರು ಇದನ್ನೇ ತಪ್ಪು ಅಂತ ತೋರಿಸಿ ನುಣ್ಣಗೆ ಮಾಡಿ ಅಂತಾರೆ. ದಯವಿಟ್ಟು ಬೇಡ.

ಆದರೆ ಒಂದು ಕಡೆ ನೈಸರ್ಗಿಕ ಅಂತ ಹೇಳಿ ಮೋಸ ಆಗುವುದು ಜಾಸ್ತಿ. ಅದು ಕಪಾಟು, ಕಿಚನ್ ಕ್ಯಾಬಿನೆಟ್. ಗೋಡೆ ಮಣ್ಣಿನದು, ನೆಲ ಕಲ್ಲಿನದು, ಒಳಗೆ ತುಂಬಿರುವುದೆಲ್ಲಾ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನ್ನುವ ಅನಿಲ ಬಿಡುಗಡೆ ಆಗುತ್ತಾ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಹಲಗೆ ತೆಗೆದುಕೊಳ್ಳಲೇಬೇಕಾದರೆ ಇ1 ಅಥವಾ ಅದಕ್ಕಿಂತ ಕಮ್ಮಿ ಹೊರಸೂಸುವ ದರ್ಜೆ ಕೇಳಿ, ಕತ್ತರಿಸಿದ ಅಂಚುಗಳನ್ನೆಲ್ಲಾ ಮುಚ್ಚಿಸಿ. ಆಗುವುದಾದರೆ ಗಟ್ಟಿ ಮರವನ್ನೇ ಬಳಸಿ, ಮರ ಕಮ್ಮಿ ಸಾಕಾಗುವ ಹಾಗೆ ತೆರೆದ ಕಪಾಟು ಮಾಡಿ. ಬಾಗಿಲಿಗೆ ಬೆತ್ತದ ಹೆಣಿಗೆ ಹಾಕಿದರೆ ಒಳಗೆ ಗಾಳಿಯೂ ಆಡುತ್ತದೆ.

ತೊಲೆಕಂಬ:
ಮರದ ಮಾತು ಬಂತು, ನಾನೂ ಸೇರ್ತೀನಿ. ಹಳೆ ಕಟ್ಟಡ ಕೆಡವಿದಾಗ ಸಿಗುವ ತೊಲೆ, ಕಂಬ, ಬಾಗಿಲು ಮೊದಲು ಹುಡುಕಿ. ಎಷ್ಟೋ ವರ್ಷ ಒಣಗಿದ ಮರ, ಇನ್ನು ತಿರುಚುವುದು, ಬಾಗುವುದು ಕಮ್ಮಿ. ಒಳಗೆ ಮೊಳೆ ಉಳಿದಿದೆಯಾ ನೋಡಿಸಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತೆ. ಹೊಸ ಮರವಾದರೆ ತೇವಾಂಶ ಅಳೆಸಿ. ಒಳಾಂಗಣಕ್ಕೆ 8ರಿಂದ 12% ಇದ್ದರೆ ಒಳ್ಳೆಯದು. ಎಫ್‌ಎಸ್‌ಸಿ (ಕಾಡನ್ನು ಹಾಳು ಮಾಡದೆ ತಂದ ಮರಕ್ಕೆ ಕೊಡುವ) ಗುರುತು ಇದ್ದರೆ ಕಾಡಿನ ಮೂಲ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ.

ಬಿದಿರಿನ ಬಗ್ಗೆ ಜನ ತುಂಬಾ ಸಡಿಲವಾಗಿ ಮಾತಾಡುತ್ತಾರೆ. ಬೇಗ ಬೆಳೆಯುತ್ತೆ, ಗಟ್ಟಿ, ಹಗುರ, ನಿಜ. ಆದರೆ ಅದರಲ್ಲಿ ಪಿಷ್ಟ, ಸಕ್ಕರೆ ಇದೆ. ಹುಳಕ್ಕೆ ಅದೇ ಊಟ. ಮೂರು ವರ್ಷಕ್ಕಿಂತ ಎಳೆಯದನ್ನು ಕಡಿಯಬಾರದು. ಕಡಿದ ಮೇಲೆ ಗಂಟುಗಳಿಗೆ ತೂತು ಮಾಡಿ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಬೇಕು. ಈ ಉಪ್ಪು ನೀರಿನಲ್ಲಿ ಕರಗುತ್ತೆ, ಹಾಗಾಗಿ ಮಳೆಗೆ ಬಿಟ್ಟರೆ ತೊಳೆದುಹೋಗುತ್ತದೆ. ಬಿದಿರು ಕಂಬ ನೆಲದಲ್ಲಿ ಹೂಳಬೇಡಿ, ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ. ಬೋಲ್ಟ್ ಹಾಕುವ ಕಡೆ ಟೊಳ್ಳು ಸೀಳುತ್ತದೆ, ಅದಕ್ಕೆ ಕೊಲಂಬಿಯಾದ ಆರ್ಕಿಟೆಕ್ಟ್ ಸಿಮೋನ್ ವೆಲೆಜ್ ಗಂಟುಗಳ ನಡುವಿನ ಆ ಟೊಳ್ಳಿಗೆ ಸಿಮೆಂಟ್ ಗಾರೆ ತುಂಬಿಸಿ ಬೋಲ್ಟ್ ಹಾಕುವ ರೀತಿ ಬಳಕೆಗೆ ತಂದರು. ದೊಡ್ಡ ದೊಡ್ಡ ಬಿದಿರಿನ ಮಾಡುಗಳು ಸಾಧ್ಯ ಆದದ್ದು ಅದರಿಂದ. ಹಸಿ ಇಟ್ಟಿಗೆ ಅವರೇ, ಬೇಜಾರು ಮಾಡ್ಕೋಬೇಡಿ, ಇಲ್ಲಿ ಒಂದು ಲೋಟ ಸಿಮೆಂಟ್ ನೂರು ಬಿದಿರು ಉಳಿಸುತ್ತದೆ.

ಹಸಿ ಇಟ್ಟಿಗೆ:
ಅಷ್ಟು ಸಿಮೆಂಟಿಗೆ ನನ್ನದೇನೂ ತಕರಾರಿಲ್ಲ ಅಣ್ಣ. ಎಲ್ಲಿ ಬೇಕೋ ಅಲ್ಲಿ ಬಳಸಿ ಅನ್ನುವುದೇ ನಾನೂ ಹೇಳುವುದು.

ಬೆಳಕಿಂಡಿ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಎರಡು ಪ್ರಶ್ನೆ. ಒಂದು, ಮಣ್ಣಿನ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಅಂತ ಎಲ್ಲರೂ ಹೇಳ್ತಾರೆ, ಎಲ್ಲಾ ಕಡೆಗೂ ಅದು ನಿಜವಾ? ಎರಡು, ಬಚ್ಚಲುಮನೆಯಲ್ಲಿ ಏನು ಮಾಡುವುದು? ಅಲ್ಲಿ ಮಣ್ಣು ನಿಲ್ಲಲ್ಲ ಅಲ್ವಾ?

ಬೀಮು ಕಾಲಂ:
ಮೊದಲನೆಯದಕ್ಕೆ ನಾನು ಹೇಳ್ತೀನಿ. ಎಲ್ಲಾ ಕಡೆಗೂ ನಿಜ ಅಲ್ಲ. ಶಾಖವನ್ನು ತುಂಬಿಟ್ಟುಕೊಳ್ಳುವುದು ಬೇರೆ, ತಡೆಯುವುದು ಬೇರೆ. ಮಣ್ಣಿನ ಗೋಡೆ ತುಂಬಿಟ್ಟುಕೊಳ್ಳುತ್ತದೆ. 30 ಸೆಂಟಿಮೀಟರ್ ಗೋಡೆಯಲ್ಲಿ ಹೊರಗಿನ ಬಿಸಿ ಒಳಗೆ ಬರಲು ಸುಮಾರು 8ರಿಂದ 10 ಗಂಟೆ ಬೇಕು. ಹಗಲು ಸುಡುವ, ರಾತ್ರಿ ತಣ್ಣಗಾಗುವ ಜಾಗದಲ್ಲಿ ಇದು ಬಹಳ ಒಳ್ಳೆಯದು. ರಾತ್ರಿ ಕಿಟಕಿ ತೆಗೆದರೆ ಗೋಡೆ ತಣ್ಣಗಾಗಿ ಮರುದಿನಕ್ಕೆ ತಯಾರಾಗುತ್ತದೆ. ಆದರೆ ಹಗಲೂ ರಾತ್ರಿ ಒಂದೇ ಥರ ಸೆಕೆ ಇರುವ ಕಡೆ ಗೋಡೆಗೆ ತಣ್ಣಗಾಗುವ ಹೊತ್ತೇ ಇಲ್ಲ. ಅಲ್ಲಿ ನೆರಳು ಮತ್ತು ಗಾಳಿಯೇ ಮುಖ್ಯ, ಹಗುರ ಗೋಡೆಯೇ ವಾಸಿ. ತಿಂಗಳುಗಟ್ಟಲೆ ಚಳಿ ಇರುವ ಕಡೆ ಬರೀ ಮಣ್ಣಿನ ಗೋಡೆ ಶಾಖವನ್ನು ಹೊರಗೆ ಬಿಟ್ಟುಬಿಡುತ್ತದೆ. ಅಷ್ಟೇ ದಪ್ಪದ ಒಣಹುಲ್ಲಿನ ಕಟ್ಟಿನ ಗೋಡೆ ಹತ್ತು ಪಟ್ಟಿಗೂ ಜಾಸ್ತಿ ಶಾಖ ತಡೆಯುತ್ತದೆ. ಕಾರ್ಕ್ ಇನ್ನೂ ಚೆನ್ನ. ಕಾರ್ಕ್ ಓಕ್ ಮರ ಕಡಿಯದೆ ಸುಮಾರು 9 ವರ್ಷಕ್ಕೊಮ್ಮೆ ತೊಗಟೆ ಮಾತ್ರ ಸುಲಿಯುತ್ತಾರೆ.

ಮಾಡನ್ನೂ ಮರೆಯಬೇಡಿ. ಒಂದೇ ಅಂತಸ್ತಿನ ಮನೆಗೆ ಬಿಸಿ ಜಾಸ್ತಿ ಬರುವುದು ಮೇಲಿಂದ. ಫ್ರಾನ್ಸಿಸ್ ಕೆರೆ ಅನ್ನುವ ಆರ್ಕಿಟೆಕ್ಟ್ ಆಫ್ರಿಕಾದ ಬುರ್ಕಿನಾ ಫಾಸೋದ ಗ್ಯಾಂಡೋ ಹಳ್ಳಿಯಲ್ಲಿ 2001ರಲ್ಲಿ ಕಟ್ಟಿದ ಶಾಲೆ ನೋಡಿ. ಮಣ್ಣಿನ ಇಟ್ಟಿಗೆಯ ಗೋಡೆ, ಇಟ್ಟಿಗೆಯದೇ ತೂತಿನ ಒಳಮಾಡು, ಅದರಿಂದ ಎತ್ತರಕ್ಕೆ ಕಬ್ಬಿಣದ ಸರಳುಗಳ ಮೇಲೆ ತಗಡಿನ ಮಾಡು. ಬಿಸಿ ಗಾಳಿ ಮೇಲೇರಿ ನಡುವಿನ ಸಂದಿಯಿಂದ ಹೊರಗೆ ಹೋಗುತ್ತದೆ. ಫ್ಯಾನಿಲ್ಲದೆ ಮಕ್ಕಳು ಕೂರುವ ಹಾಗಾಯಿತು. 2022ರಲ್ಲಿ ಅವರಿಗೆ ಆರ್ಕಿಟೆಕ್ಟ್‌ಗಳಿಗೆ ಕೊಡುವ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ತಗಡನ್ನು ನೈಸರ್ಗಿಕ ಅಲ್ಲ ಅಂತ ಅವರು ಬಿಟ್ಟಿದ್ದರೆ ಆ ಶಾಲೆ ಹಾಗೆ ಆಗುತ್ತಿರಲಿಲ್ಲ.

ಸುಣ್ಣದ ನೀರು:
ಬಚ್ಚಲಿಗೆ ಮೊರಾಕೋದವರ ತದೆಲಕ್ತ್ ಇದೆ. ಸುಣ್ಣದ ಗಾರೆ ಎಳೆದು, ಅದು ಪೂರ್ತಿ ಗಟ್ಟಿಯಾಗುವ ಮೊದಲು ನುಣುಪು ಕಲ್ಲಿನಿಂದ ಒತ್ತಿ ಒತ್ತಿ ಉಜ್ಜಿ, ಆಮೇಲೆ ಆಲಿವ್ ಎಣ್ಣೆಯ ಸಾಬೂನು ಹಚ್ಚಿ ಮತ್ತೆ ಉಜ್ಜುತ್ತಾರೆ. ಸಾಬೂನೂ ಸುಣ್ಣವೂ ಸೇರಿ ನೀರಿನಲ್ಲಿ ಕರಗದ ಒಂದು ಪದರ ಆಗುತ್ತದೆ. ಒಂದೂ ಸಂದಿಯಿಲ್ಲದ, ಮುಟ್ಟಿದರೆ ಬೆಣ್ಣೆಯ ಹಾಗಿರುವ ಗೋಡೆ ಬರುತ್ತದೆ. ಆದರೆ ಕೆಳಗಿನ ಗೋಡೆ ಅಲುಗಬಾರದು, ಕಲ್ಲು ಅಥವಾ ಸುಟ್ಟ ಇಟ್ಟಿಗೆಯದಿರಲಿ. ತೊಳೆಯಲು ನಿಂಬೆ, ವಿನೆಗರ್, ಆಸಿಡ್ ಯಾವುದೂ ಕೂಡದು. ಸುಣ್ಣವನ್ನು ಹುಳಿ ತಿಂದುಬಿಡುತ್ತದೆ.

ಕಿಟಕಿ ಪಕ್ಕ:
ಸುಣ್ಣದ ನೀರು ಸರ್, ಹೇಳಿದಷ್ಟು ಸುಲಭ ಅಲ್ಲ ಅದು. ಕೈ ಪಳಗದವರು ಮಾಡಿದರೆ ಷವರ್ ಕೆಳಗೆ ಕಲೆ ಬಿದ್ದೇ ಬೀಳುತ್ತದೆ. ನಾನಾದರೆ ಸ್ನಾನ ಮಾಡುವ ಮೂಲೆಗೆ ಕಲ್ಲು ಅಥವಾ ಟೈಲ್ಸ್ ಹಾಕಿ, ನೀರು ನೇರ ಬೀಳದ ಕಡೆ ಸುಣ್ಣ ಬಿಡುತ್ತೇನೆ. ನಲ್ಲಿಯ ಪೈಪ್‌ಗಳು ಮಣ್ಣಿನ ಗೋಡೆಯ ಒಳಗೆ ಹೋಗಲೇಬಾರದು. ಒಂದು ಸಣ್ಣ ಸೋರಿಕೆ ಸಾಕು. ಹೊರಗೇ ಕಾಣುವ ಹಾಗೆ ತಾಮ್ರದ ಪೈಪ್ ಬಿಡಿ, ನೋಡಲೂ ಚೆನ್ನಾಗಿರುತ್ತದೆ, ರಿಪೇರಿಗೂ ಸುಲಭ.

ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಾದರೆ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಬಟ್ಟೆ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಅಥವಾ ಬಯಲಲ್ಲಿ ಹರಡಿ ಒಣಗಿಸಿ.

ಹೊಸ ಸದಸ್ಯ 12:
ಓದಿ ಖುಷಿ ಆಯ್ತು. ನಮ್ಮ ದೊಡ್ಡಪ್ಪನ ಹಳೇ ಮಣ್ಣಿನ ಮನೆಗೆ ಕಂಟ್ರಾಕ್ಟರ್ ಒಬ್ಬರು ಒಳಗೂ ಹೊರಗೂ ಸಿಮೆಂಟ್ ಗಾರೆ ಹಾಕಿ ಮೇಲೆ ಆಯಿಲ್ ಪೇಂಟ್ ಹೊಡೆದುಕೊಟ್ಟರು. ಈಗ ಪೇಂಟ್ ಗುಳ್ಳೆ ಎದ್ದು ಉದುರುತ್ತಿದೆ, ಬುಡದಲ್ಲಿ ಬಿಳಿ ಉಪ್ಪು ಏಳುತ್ತಿದೆ. ಮತ್ತೆ ಮತ್ತೆ ಪೇಂಟ್ ಹೊಡೆಸುತ್ತಾರೆ. ಏನಾದರೂ ದಾರಿ ಇದೆಯಾ?

ಸುಣ್ಣದ ನೀರು:
ಇದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಹೊರಗಿನ ನೆಲ ಒಳಗಿನದಕ್ಕಿಂತ ಎತ್ತರ ಆಗಿರುತ್ತದೆ, ಅಥವಾ ಗೋಡೆಗೆ ತಾಗಿ ಸಿಮೆಂಟ್ ಅಂಗಳ ಹಾಕಿರುತ್ತಾರೆ. ಅದನ್ನು ಬಿಡಿಸಿ, ನೀರು ಹೊರಗೆ ಹೋಗುವ ಹಾಗೆ ಮಾಡಿ. ಆಮೇಲೆ ಸಿಮೆಂಟ್ ಗಾರೆಯನ್ನು ಬುಡದಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಮ್ಮೆಗೇ ಸುತ್ತಲೂ ಕಿತ್ತುಹಾಕಬೇಡಿ. ಕೆಲವು ಕಡೆ ಒಳಗಿನ ಮಣ್ಣು ಕರಗಿ ಗಾರೆಯ ಸಿಪ್ಪೆಯೇ ಗೋಡೆಯನ್ನು ಹಿಡಿದಿರುತ್ತದೆ, ತಿಳಿದವರು ಪಕ್ಕದಲ್ಲಿ ಇರಬೇಕು. ಬಿಡಿಸಿದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡಿ. ಗೋಡೆ ಒಣಗಿದ ಮೇಲೆ ಮಣ್ಣಿನ ಗಾರೆ, ಅದರ ಮೇಲೆ ಸುಣ್ಣ ತೆಳ್ಳಗೆ ನಾಲ್ಕೈದು ಕೈ. ಒಂದೇ ಸಲ ದಪ್ಪ ಬಳಿದರೆ ಸುಲಿದು ಬರುತ್ತದೆ.

ಬೆಳಕಿಂಡಿ:
ಬಾಟಲಿ ಫಲಿತಾಂಶ ಬಂತು. ಜೇಡಿ ಸುಮಾರು ಕಾಲು ಭಾಗ, ಮರಳೇ ಜಾಸ್ತಿ. ಮನೆಯಲ್ಲೂ ಒಂದು ಹಂತಕ್ಕೆ ಒಪ್ಪಿಗೆ ಆಗಿದೆ: ಕಲ್ಲಿನ ಪಾಯ, ಮಣ್ಣಿನ ಗೋಡೆ, ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ, ಹೆಂಚಿನ ಮಾಡು, ಬಚ್ಚಲು ಮಾತ್ರ ಸುಟ್ಟ ಇಟ್ಟಿಗೆಯಲ್ಲಿ. ಮಹಡಿ ಕೋಣೆ ಬಿಟ್ಟೆವು. ವರ್ಷ ವರ್ಷ ಮೆತ್ತುವ ಕೆಲಸ ಯಾರು ಮಾಡೋದು ಅನ್ನೋದು ಈಗ ಹೊಸ ಜಗಳ.

ಹಸಿ ಇಟ್ಟಿಗೆ:
ಅಕ್ಕ, ಕಾಲು ಭಾಗ ಜೇಡಿ ಅಂದ್ರೆ ಅದೃಷ್ಟ! ಮೆತ್ತುವುದಕ್ಕೆ ಹೆದರಬೇಡಿ. ಮಾಲಿ ದೇಶದ ಜೆನ್ನೆ ಊರಿನ ಮಣ್ಣಿನ ಮಸೀದಿಗೆ ಮುಂದೆ ಚಾಚಿದ ಸೂರೇ ಇಲ್ಲ, ಮಳೆ ನೇರ ಗೋಡೆಗೇ ಬಡಿಯುತ್ತದೆ, ಅದಕ್ಕೇ ಇಡೀ ಊರು ವರ್ಷಕ್ಕೊಮ್ಮೆ ಏಣಿ ಹತ್ತುತ್ತದೆ. ನಿಮ್ಮದಕ್ಕೆ ಸೂರು ಚೆನ್ನಾಗಿದ್ದರೆ ಮಳೆ ಹೊಡೆಯುವ ಒಂದು ಬದಿ ಬಿಟ್ಟು ಉಳಿದದ್ದು ಎಷ್ಟೋ ವರ್ಷ ತಡೆಯುತ್ತದೆ. ಮನೆ ಕಟ್ಟಿದ ಮಣ್ಣನ್ನೇ ಸ್ವಲ್ಪ ಎತ್ತಿಡಿ, ತೇಪೆ ಹಾಕಿದಾಗ ಬಣ್ಣ ಹೊಂದಬೇಕಲ್ಲ.

ಸುಣ್ಣದ ನೀರು:
ಸುಣ್ಣದ ಕೆಲಸ ಈಗಲೇ ಶುರು ಮಾಡಿ. ಗೋಡೆ ಏಳುವ ಹೊತ್ತಿಗೆ ಅದು ತಯಾರಾಗಿರಬೇಕು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಮೂರು ತಿಂಗಳಾದರೂ ಇಡಿ. ಇನ್ನೂ ಜಾಸ್ತಿ ಇಟ್ಟಷ್ಟೂ ಬೆಣ್ಣೆಗಟ್ಟುತ್ತದೆ. ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರೂ ಹತ್ತಿರ ಹೋಗಬಾರದು, ಮಕ್ಕಳಂತೂ ಬೇಡವೇ ಬೇಡ.

ಬೆಳಕಿಂಡಿ:
ಪ್ಲಾಸ್ಟಿಕ್ ಡ್ರಮ್ ಇದೆ, ಅದರಲ್ಲಿ ಆಗುತ್ತಾ?

ಸುಣ್ಣದ ನೀರು:
ಅರಳಿಸುವಾಗ ಬೇಡ. ನೀರು ಕುದಿಯುವಷ್ಟು ಶಾಖ ಬರುತ್ತದೆ, ಡ್ರಮ್ ಮೆತ್ತಗಾಗಿ ಬಿಡುತ್ತದೆ. ಕಬ್ಬಿಣದ ಡ್ರಮ್ ಅಥವಾ ಕಲ್ಲಿನ ತೊಟ್ಟಿ ಬಳಸಿ. ಅಲ್ಯೂಮಿನಿಯಂ ಪಾತ್ರೆ ಯಾವತ್ತೂ ಬೇಡ, ಸುಣ್ಣ ಅದನ್ನು ತಿಂದು ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಪೂರ್ತಿ ಆರಿದ ಮೇಲೆ ನಿಮ್ಮ ಪ್ಲಾಸ್ಟಿಕ್ ಡ್ರಮ್‌ಗೆ ತುಂಬಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಡಿ. ಅಷ್ಟು ಸಾಕು.